ಕಬ್ಬನ್ ಹೆಸರು ನುಂಗಿದ ಮ್ಯಾಕ್

ಪಾರ್ಕು, ರಸ್ತೆ, ಪೇಟೆ, ಮೆಟ್ರೋ ನಿಲ್ದಾಣ: ಬೆಂಗಳೂರಿನಲ್ಲಿ ನಾಲ್ಕಕ್ಕೂ ಒಂದೇ ಹೆಸರು, ಕಬ್ಬನ್. ಕನ್ನಡದ ಕಿವಿಗೆ ಕಬ್ಬು, ಕಬ್ಬಿಣಗಳ ಪಕ್ಕದಲ್ಲೇ ಕೂರುವ ಸದ್ದಾದ್ದರಿಂದ ಅದು ಹೊರಗಿನದು ಅನ್ನಿಸುವುದೂ ಕಡಿಮೆ. 1927ರಲ್ಲಿ ಉದ್ಯಾನಕ್ಕೆ ಚಾಮರಾಜೇಂದ್ರ ಒಡೆಯರ ಹೆಸರಿಟ್ಟ ಮೇಲೂ ಜನ ಹಳೆಯ ಹೆಸರನ್ನು ಬಿಡಲಿಲ್ಲ. ಆ ಹೆಸರಿನ ಮನುಷ್ಯ ಮಾರ್ಕ್ ಕಬ್ಬನ್, 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರ್. ಅವನ ಆಡಳಿತದ ಬಗ್ಗೆ ಸಾಕಷ್ಟು ಬರಹಗಳಿವೆ. ಹೆಸರಿನ ವಿಷಯ ಬಂದಾಗ ಮಾತ್ರ ಎಲ್ಲರೂ ‘ಬ್ರಿಟಿಷ್ ಅಧಿಕಾರಿ’ ಎಂದು ಬರೆದು ಮುಂದೆ ಹೋಗುತ್ತಾರೆ. ಕಬ್ಬನ್ ಎಂಬುದು ಇಂಗ್ಲಿಷ್ ಹೆಸರಲ್ಲ. ಅದು ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದ ಮ್ಯಾಂಕ್ಸ್ ಭಾಷೆಯಲ್ಲಿ ಹುಟ್ಟಿ, ಇಂಗ್ಲಿಷ್ ಗುಮಾಸ್ತರ ಲೇಖನಿಯಲ್ಲಿ ಈಗಿನ ರೂಪ ಪಡೆದದ್ದು.

ಬ್ರಿಟನ್ನಿಗೂ ಐರ್ಲೆಂಡಿಗೂ ನಡುವೆ, ಐರಿಷ್ ಸಮುದ್ರದಲ್ಲಿ ಈ ದ್ವೀಪವಿದೆ. ವಿಸ್ತೀರ್ಣ 572 ಚದರ ಕಿಲೋಮೀಟರ್, ಈಗಿನ ಬೆಂಗಳೂರು ನಗರಕ್ಕಿಂತ ಚಿಕ್ಕದು. 2021ರ ಗಣತಿಯಲ್ಲಿ ಅಲ್ಲಿದ್ದವರು ಸುಮಾರು 84,000 ಜನ. ಬ್ರಿಟಿಷ್ ದೊರೆಯ ಅಧೀನದಲ್ಲಿದ್ದರೂ ಅದು ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ಟಿನ್‌ವಾಲ್ಡ್ ಎಂಬ ಸ್ವಂತ ಸಂಸತ್ತು ಇದೆ. ಇಡೀ ದ್ವೀಪ 17 ಪ್ಯಾರಿಷ್‌ಗಳಾಗಿ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರುಗಳ ಗುಂಪುಗಳಾಗಿ, ಹಂಚಿಹೋಗಿದೆ. ಈಶಾನ್ಯ ಕರಾವಳಿಯ ಮ್ಯಾಕಲ್ಡ್ ಪ್ಯಾರಿಷ್‌ನಲ್ಲಿ ಮಾರ್ಕ್ ಕಬ್ಬನ್ನನ ಅಪ್ಪ ಪಾದ್ರಿಯಾಗಿದ್ದ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಮಾರ್ಕ್ ಕಬ್ಬನ್ನನ ಸೋದರಮಾವ.

ಈ ದ್ವೀಪದ ಹೆಸರುಗಳ ಪಟ್ಟಿ ಹಿಡಿದು ಓದಿದರೆ ಮೊದಲು ಕಣ್ಣಿಗೆ ಬೀಳುವುದು ಒಂದೇ ಸದ್ದು. ಕೆಲ್ಲಿ, ಕ್ವೇಲ್, ಕಾರ್ಲೆಟ್, ಕ್ಯಾನಲ್, ಕಿಸ್ಸಾಕ್, ಕ್ವಿಲಿಯಮ್, ಕರ್ಮೋಡ್, ಕ್ಲೇಗ್, ಕ್ಲೂಕಸ್, ಕ್ರೆಲಿನ್, ಕಾಸ್ಟೇನ್, ಕಬ್ಬನ್. ರೋಮನ್ ಲಿಪಿಯಲ್ಲಿ ಕೆಲವಕ್ಕೆ ಸಿ, ಕೆಲವಕ್ಕೆ ಕೆ, ಕೆಲವಕ್ಕೆ ಕ್ಯೂ. ಬಾಯಲ್ಲಿ ಎಲ್ಲವೂ ಕಕಾರವೇ.

ಆ ಕಕಾರ ‘ಮ್ಯಾಕ್’ ಶಬ್ದದ ಬಾಲ. ಮ್ಯಾಂಕ್ಸ್ ಕೂಡ ಸೇರಿದ ಗೇಲಿಕ್ ಭಾಷೆಗಳಲ್ಲಿ ಮ್ಯಾಕ್ ಎಂದರೆ ಮಗ. ಸ್ಕಾಟ್ಲೆಂಡಿನಲ್ಲಿ, ಐರ್ಲೆಂಡಿನಲ್ಲಿ ಅದು ಇಡಿಯಾಗಿ ಉಳಿಯಿತು: ಮ್ಯಾಕ್‌ಡೊನಾಲ್ಡ್, ಮ್ಯಾಕ್‌ಡರ್ಮಟ್. ಮ್ಯಾನ್ ದ್ವೀಪದಲ್ಲಿ ಆಡುತ್ತ ಆಡುತ್ತ ‘ಮ್ಯಾ’ ಉದುರಿತು, ಕೊನೆಯ ‘ಕ್’ ಅಪ್ಪನ ಹೆಸರಿಗೆ ಅಂಟಿಕೊಂಡಿತು. ಐಸಾಕನ ಮಗ ಮ್ಯಾಕ್ ಐಸಾಕ್ ಕಿಸ್ಸಾಕ್ ಆದ. ಲ್ಯೂಕಸನ ಮಗ ಕ್ಲೂಕಸ್, ನೀಲನ ಮಗ ನೀಲ್. ಈ ಕೊನೆಯದರ ಬರಹದಲ್ಲಿ ಮೊದಲು ಒಂದು ಕೆ ಇದೆ, ಇಂಗ್ಲಿಷ್ ಬಾಯಿ ಅದನ್ನೂ ನುಂಗಿಹಾಕಿದೆ. ಮೈಸೂರು ಕಡೆ ಅಪ್ಪನ ಹೆಸರು ಕರಗಿ ಇನಿಷಿಯಲ್ ಆಗಿ ಮಗನ ಹೆಸರಿನ ಮುಂದೆ ನಿಲ್ಲುವ ಹಾಗೆ, ಅಲ್ಲಿ ‘ಮಗ’ ಎಂಬ ಶಬ್ದವೇ ಕರಗಿ ಅಪ್ಪನ ಹೆಸರಿನ ಇನಿಷಿಯಲ್ ಆಗಿ ನಿಂತಿತು.

ಇದಕ್ಕೆ ಇನ್ನೊಂದು ಒಳಕಾರಣವಿದೆ. ಗೇಲಿಕ್‌ನಲ್ಲಿ ಮ್ಯಾಕ್ ಮುಂದೆ ಬರುವ ಹೆಸರಿನ ಮೊದಲ ವ್ಯಂಜನ ಮೆತ್ತಗಾಗುತ್ತದೆ, ಕೆಲವೊಮ್ಮೆ ಪೂರ್ತಿ ಮಾಯವಾಗುತ್ತದೆ. ಫಿಲಿಪ್‌ನ ‘ಫ’ ಹೋಗಿ ‘ಇಲಿಪ್’ ಉಳಿದರೆ ಮ್ಯಾಕ್‌ನ ಕಕಾರ ಸೇರಿ ಕಿಲಿಪ್. ಡರ್ಮಟ್‌ನ ‘ಡ’ ಹೋಗಿ ಕರ್ಮೋಡ್. ಡೊನಾಲ್ಡ್‌ನ ಮಗ ಕ್ಯಾನಲ್. ಅಪ್ಪನ ಹೆಸರು ‘ಉ’ ಅಥವಾ ‘ವ’ ಸದ್ದಿನಿಂದ ಶುರುವಾದರೆ ಕಕಾರ, ವಕಾರ ಕೂಡಿ ಕ್ಯೂ ಹುಟ್ಟಿತು: ವಿಲಿಯಮನ ಮಗ ಕ್ವಿಲಿಯಮ್, ವಾಲ್ಟರನ ಮಗ ಕ್ವಾಲ್ಟ್ರೋ. ಇನ್ನು ಕಬ್ಬನ್. ಗಿಲ್ಬರ್ಟ್ ಎಂಬ ಹೆಸರನ್ನು ಮುದ್ದಾಗಿ ಮೊಟಕು ಮಾಡಿದರೆ ಗಿಬ್, ಅದಕ್ಕೆ ಇನ್ನೊಂದು ಬಾಲ ಸೇರಿದರೆ ಗಿಬ್ಬನ್. ಗಿಬ್ಬನ್ನನ ಮಗ ಮ್ಯಾಕ್ ಗಿಬ್ಬನ್. ಅಲ್ಲಿ ಕಕಾರದ ಒತ್ತಿಗೆ ಗಕಾರ ಸೋತು, ಉಳಿದದ್ದು ಕಬ್ಬನ್. ಗಿಲ್ಬರ್ಟ್ ಹೆಸರು ಮೂಲತಃ ಜರ್ಮಾನಿಕ್, ನಾರ್ಮನ್ನರ ಜೊತೆ ಬ್ರಿಟನ್ನಿಗೆ ಬಂದದ್ದು. ಅಲ್ಲಿಗೆ ನಮ್ಮ ಪಾರ್ಕಿನ ಹೆಸರಿನ ಒಡಲು ಜರ್ಮಾನಿಕ್, ತಲೆ ಗೇಲಿಕ್, ಕಾಗುಣಿತ ಇಂಗ್ಲಿಷ್.

ಬೆಂಗಳೂರಿನ ಬೇರೆ ಬ್ರಿಟಿಷ್ ಹೆಸರುಗಳು ಹುಟ್ಟಿದ ಬಗೆ ಬೇರೆ. ಸ್ಯಾಂಕಿ ಎಂಬುದು ಲ್ಯಾಂಕಾಶೈರಿನ ಊರಿನ ಹೆಸರು. ಕೆರೆ ಕಟ್ಟಿಸಿದ ರಿಚರ್ಡ್ ಸ್ಯಾಂಕಿ ಹುಟ್ಟಿದ್ದು ಮಾತ್ರ ಐರ್ಲೆಂಡಿನಲ್ಲಿ. ಕನಿಂಗ್‌ಹ್ಯಾಮ್ ಸ್ಕಾಟ್ಲೆಂಡಿನ ಏರ್‌ಶೈರಿನ ಒಂದು ಸೀಮೆ. ಊರಿನಿಂದ ಬಂದ ಹೆಸರುಗಳಲ್ಲಿ ಮೂಲ ಹುಡುಕುವುದು ಸುಲಭ, ನಕ್ಷೆಯಲ್ಲಿ ಬೆರಳಿಡಬಹುದು. ಅಪ್ಪನಿಂದ ಬಂದ ಹೆಸರುಗಳಲ್ಲಿ ಆ ಸೌಲಭ್ಯವಿಲ್ಲ. ಗಿಬ್ಬನ್ ಎಂಬ ಅಪ್ಪಂದಿರು ಎಷ್ಟು ಜನ ಇದ್ದರೋ ಅಷ್ಟು ಕಡೆ ಕಬ್ಬನ್ ಹುಟ್ಟಬಹುದಿತ್ತು.

ಈ ಪಟ್ಟಿಯಲ್ಲಿ ನಿಜಕ್ಕೂ ಬೆರಗಾಗಿಸುವವು ನಾರ್ಸ್, ಅಂದರೆ ವೈಕಿಂಗರ ಭಾಷೆಯ, ಹೆಸರುಗಳು. 1266ರ ಪರ್ತ್ ಒಪ್ಪಂದದಲ್ಲಿ ನಾರ್ವೆಯ ದೊರೆ ಬಿಟ್ಟುಕೊಡುವ ತನಕ ದ್ವೀಪದ ಮೇಲೆ ವೈಕಿಂಗ್ ವಂಶದವರ ಆಳ್ವಿಕೆಯಿತ್ತು. ಥಾರ್‌ಲ್ಯೋಟ್, ಥಾರ್‌ಕೆಲ್, ಓಲಾಫ್, ಆಸ್ಮಂಡ್ ಎಂಬ ನಾರ್ಸ್ ಅಪ್ಪಂದಿರ ಹೆಸರಿಗೆ ಗೇಲಿಕ್ ಮ್ಯಾಕ್ ಅಂಟಿ ಕಾರ್ಲೆಟ್, ಕಾರ್ಕಿಲ್, ಕೌಲಿ, ಕೇಸ್‌ಮೆಂಟ್ ಆದವು. ಅಪ್ಪ ನಾರ್ಸ್, ಮಕ್ಕಳನ್ನು ಕರೆದ ಭಾಷೆ ಗೇಲಿಕ್. ತಾಯಂದಿರು ಯಾವ ಭಾಷೆಯವರಿದ್ದಿರಬೇಕು ಎಂದು ಇದರಿಂದ ಊಹಿಸಬಹುದು. ಕರ್ಕ್ ಮೈಕೆಲ್ ಚರ್ಚಿನಲ್ಲಿರುವ ಒಂದು ಕಲ್ಲಿನ ಶಿಲುಬೆಯಲ್ಲಿ ಇದರ ತಿರುವುಮುರುವು ಕಾಣುತ್ತದೆ. ಅಕ್ಷರ ವೈಕಿಂಗರ ರೂನ್, ಭಾಷೆ ನಾರ್ಸ್. ನಿಲ್ಲಿಸಿದವನ ಹೆಸರು ಮೇಲ್‌ಬ್ರಿಗ್ಡಿ, ಕಮ್ಮಾರ ಅಥಾಕನನ ಮಗ. ಅಪ್ಪ, ಮಗ ಇಬ್ಬರದೂ ಗೇಲಿಕ್ ಹೆಸರೇ. ಕೆತ್ತಿದ ಗೌಟ್ ಎಂಬವನು ಮ್ಯಾನ್‌ನಲ್ಲಿರುವ ಎಲ್ಲವನ್ನೂ ತಾನೇ ಮಾಡಿದ್ದು ಎಂದು ಜಂಬ ಕೊಚ್ಚಿಕೊಂಡದ್ದೂ ಆ ಕಲ್ಲಿನಲ್ಲೇ ಇದೆ.

ಕಾಗದದ ದಾಖಲೆ ದ್ವೀಪದಲ್ಲಿ ದಟ್ಟವಾಗುವುದು 1511ರ ಆಸುಪಾಸಿನ ಜಮೀನು ಗೇಣಿಯ ಪಟ್ಟಿಗಳಿಂದ. ಆಗ ದ್ವೀಪದ ಒಡೆತನ ಇಂಗ್ಲೆಂಡಿನ ಸ್ಟಾನ್ಲಿ ಮನೆತನದ್ದು. 1405ರಲ್ಲಿ ಅವರ ಕೈಗೆ ಬಂದದ್ದು 1736ರವರೆಗೆ ಉಳಿಯಿತು. ಗೇಣಿ ಕೊಡುವವರು ಮ್ಯಾಂಕ್ಸ್ ಆಡುವ ರೈತರು, ಬರೆದುಕೊಳ್ಳುವವರು ಇಂಗ್ಲಿಷ್ ಕಲಿತ ಗುಮಾಸ್ತರು. ಆ ಹಳೆಯ ಪಟ್ಟಿಗಳಲ್ಲಿ ಬಹುಪಾಲು ಹೆಸರಿಗೆ ಮ್ಯಾಕ್ ಇದೆ. ಮುಂದಿನ ನೂರು, ನೂರೈವತ್ತು ವರ್ಷಗಳಲ್ಲಿ ಅದು ಕ್ರಮೇಣ ಉದುರಿ, 17ನೇ ಶತಮಾನದ ನಡುವಿಗೆ ಅಪರೂಪವಾಗುತ್ತದೆ. ಯಾರೂ ಕುಳಿತು ‘ಇನ್ನು ನಾವು ಹೀಗೆ ಬರೆಯೋಣ’ ಎಂದು ತೀರ್ಮಾನಿಸಿದ್ದಲ್ಲ. ಗುಮಾಸ್ತ ಕೇಳಿದಂತೆ ಬರೆದ. ಅಣ್ಣನ ಹೆಸರನ್ನು ಒಬ್ಬ ಗುಮಾಸ್ತ ಕೌಲಿ ಎಂದು ಸಿ ಅಕ್ಷರದಲ್ಲಿ, ತಮ್ಮನದನ್ನು ಇನ್ನೊಬ್ಬ ಕ್ಯೂಲಿ ಎಂದು ಕೆ ಅಕ್ಷರದಲ್ಲಿ ಬರೆದಿರಬಹುದು. ಎರಡೂ ಓಲಾಫನ ಮಗ ಎಂಬ ಒಂದೇ ಹೆಸರು. ಕೆಲವು ಮನೆಗಳಲ್ಲಿ ಹೆಸರನ್ನು ಅನುವಾದಿಸಿದ್ದೂ ಉಂಟು. ವಾಲ್ಟರನ ಮಗ ಕೆಲವೆಡೆ ಕ್ವಾಲ್ಟ್ರೋ ಆಗಿಯೇ ಉಳಿದರೆ ಕೆಲವೆಡೆ ವಾಟರ್ಸನ್ ಆದ. ಹೀಗೆ ದ್ವೀಪದಲ್ಲಿ ಒಂದೇ ಅರ್ಥದ ಎರಡು ಮನೆತನಗಳು. ಮಾರ್ಕ್‌ನ ಸೋದರಮಾವ ವಿಲ್ಕ್ಸ್ ಹೆಸರೂ ವಿಲಿಯಮ್‌ನ ಇಂಗ್ಲಿಷ್ ಮೊಟಕು, ಪಕ್ಕದ ಮನೆಯ ಕ್ವಿಲಿಯಮ್ ಅದರದೇ ಗೇಲಿಕ್ ದಾಯಾದಿ. ಆದರೆ ಆ ಎರಡು ಮನೆತನಗಳಿಗೆ ರಕ್ತಸಂಬಂಧ ಇರಬೇಕಾದ ಅಗತ್ಯವೇನೂ ಇಲ್ಲ.

ವಂಶ ಹುಡುಕುವವರು ಎಡವುವುದು ಇಲ್ಲಿಯೇ. ಹೆಸರಿನ ಕಾಗುಣಿತ ಗುಮಾಸ್ತನದು, ಮನೆತನದ್ದಲ್ಲ. ಅದನ್ನು ಹಿಡಿದು ಹೊರಟರೆ ನೆಂಟರಲ್ಲದವರು ಗಂಟುಬೀಳುತ್ತಾರೆ, ನಿಜವಾದ ನೆಂಟರು ಕೈತಪ್ಪುತ್ತಾರೆ. ಹಿಡಿಯಬೇಕಾದದ್ದು ಹೊಲ, ಪ್ಯಾರಿಷ್ ಮತ್ತು ಹೆಂಡತಿಯ ತವರಿನ ಹೆಸರು.

ಮೊದಲು ಮಾಡಬೇಕಾದ ಕೆಲಸ ಕಾಗುಣಿತಗಳ ಪಟ್ಟಿ. ಕಬ್ಬನ್‌ಗೆ ಒಂದು ‘ಬ’ ಇರುವ ರೂಪ, ಕೊನೆಯಲ್ಲಿ ‘ಬಿನ್’ ಇರುವ ಕಬ್ಬಿನ್, ಮ್ಯಾಕ್ ಉಳಿದಿರುವ ಮ್ಯಾಕ್‌ಕಬ್ಬಿನ್, ಗಕಾರದ ರೂಪಗಳು, ಹಳೆಯ ಕೈಬರಹ ಓದಲಾಗದೆ ಸೂಚಿ ಮಾಡಿದವರು ಬರೆದಿರಬಹುದಾದ ಅಪಭ್ರಂಶಗಳು, ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು. ಆನ್‌ಲೈನ್ ಹುಡುಕಾಟದಲ್ಲಿ ‘ಸದ್ದು ಹೋಲುವ ಹೆಸರು’ ಎಂಬ ಆಯ್ಕೆಯನ್ನು ಕುರುಡಾಗಿ ನಂಬಬಾರದು. ಅದರ ಹಿಂದೆ ಹೆಚ್ಚಾಗಿ ಸೌಂಡೆಕ್ಸ್ ಎಂಬ ಸಂಕೇತಪದ್ಧತಿ ಇರುತ್ತದೆ. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಆದದ್ದು. ಅದು ಮೊದಲ ಅಕ್ಷರವನ್ನು ಹಾಗೇ ಉಳಿಸಿಕೊಂಡು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಕಬ್ಬನ್‌ಗೆ ಸಿ150, ಗಿಬ್ಬನ್‌ಗೆ ಜಿ150, ಮ್ಯಾಕ್‌ಕಬ್ಬಿನ್‌ಗೆ ಎಂ215. ಮೂರೂ ಬೇರೆ ಬೇರೆ ಡಬ್ಬಿಗೆ ಬಿದ್ದವು. ಕೌಲಿ ಸಿ400, ಕ್ಯೂಲಿ ಕೆ400. ಸಿ, ಕೆ, ಕ್ಯೂ ಅದಲುಬದಲಾಗುವ ಮ್ಯಾಂಕ್ಸ್ ಹೆಸರುಗಳಿಗೆ ಇದಕ್ಕಿಂತ ಕೆಟ್ಟ ಸಾಧನ ಸಿಗಲಿಕ್ಕಿಲ್ಲ. ಸ್ವರಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಮೊದಲ ಅಕ್ಷರವನ್ನು ಒಂದೊಂದಾಗಿ ಬದಲಿಸಿ ಹುಡುಕುವುದೇ ವಾಸಿ.

ಎರಡನೆಯದು, ದಾಖಲೆ ಎಲ್ಲಿಂದ ಶುರು ಎಂದು ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ, ಮರಣ ನೋಂದಣಿ 1837ರಲ್ಲಿ ಬಂತು. ಮ್ಯಾನ್‌ನಲ್ಲಿ ಅದು ಕಡ್ಡಾಯವಾದದ್ದು 1878ರಲ್ಲಿ, ಅದೂ ದ್ವೀಪದ್ದೇ ಪ್ರತ್ಯೇಕ ವ್ಯವಸ್ಥೆ. ಇಂಗ್ಲೆಂಡಿನ ಸೂಚಿಯಲ್ಲಿ 1850ರ ಮ್ಯಾಂಕ್ಸ್ ಮಗುವನ್ನು ಹುಡುಕುವವರು ಇಲ್ಲದ ಕಾಗದ ಹುಡುಕುತ್ತಾರೆ. ಅದಕ್ಕಿಂತ ಹಿಂದಿನದಕ್ಕೆ ಪ್ಯಾರಿಷ್ ಪುಸ್ತಕಗಳೇ ಗತಿ. ಬಾಲಾಫ್ ಪ್ಯಾರಿಷ್‌ನ ಪುಸ್ತಕ 1598ರಿಂದ ಇದೆ. ಉಳಿದವು ಹೆಚ್ಚಾಗಿ 17ನೇ ಶತಮಾನದಲ್ಲಿ ಶುರುವಾಗುತ್ತವೆ. ಅಲ್ಲಿ ಬರೆದಿರುವುದು ಹುಟ್ಟಿದ ದಿನವಲ್ಲ, ದೀಕ್ಷಾಸ್ನಾನದ ದಿನ. ಎಳೆಯ ಮಗು ತೀರಿಕೊಂಡರೆ ಮುಂದಿನ ಮಗುವಿಗೆ ಅದೇ ಹೆಸರಿಡುವ ವಾಡಿಕೆಯಿತ್ತು. ಆದ್ದರಿಂದ ಒಂದು ದೀಕ್ಷಾಸ್ನಾನ ಸಿಕ್ಕಿತು ಎಂದು ನಿಲ್ಲಿಸದೆ, ಆ ಮಗುವಿನ ಅಂತ್ಯಕ್ರಿಯೆ ದಾಖಲಾಗಿದೆಯೇ ಎಂದು ಮುಂದಿನ ಹತ್ತು ವರ್ಷದ ಹಾಳೆಗಳನ್ನೂ ತಿರುವಬೇಕು. 18ನೇ ಶತಮಾನದ ನಡುಭಾಗದವರೆಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ 1710ರ ಫೆಬ್ರವರಿ ಎಂದು ಬರೆದಿದ್ದರೆ ಅದು ಈಗಿನ ಲೆಕ್ಕದಲ್ಲಿ 1711. ಇದನ್ನು ಮರೆತರೆ ಮದುವೆಗೆ ಮೊದಲೇ ಮಕ್ಕಳು ಹುಟ್ಟಿಬಿಡುತ್ತಾರೆ.

ಗಣತಿಯ ವಯಸ್ಸನ್ನೂ ಎಚ್ಚರದಿಂದ ಓದಬೇಕು. 1841ರ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. 39ರವನು 35 ಆಗಿರುತ್ತಾನೆ.

ಇಷ್ಟಾದರೂ ದೊಡ್ಡ ತೊಡಕು ಉಳಿದೇ ಇರುತ್ತದೆ: ಒಂದೇ ಹೆಸರಿನ ಹಲವು ಜನ. ದ್ವೀಪದ ಜನಸಂಖ್ಯೆ 1821ರಲ್ಲಿ ಸುಮಾರು 40,000. ಮನೆತನದ ಹೆಸರುಗಳೂ ಸೀಮಿತ, ಇಡುವ ಹೆಸರುಗಳು ಅದಕ್ಕಿಂತ ಸೀಮಿತ: ಜಾನ್, ವಿಲಿಯಮ್, ಥಾಮಸ್, ಮಾರ್ಗರೆಟ್, ಕ್ಯಾಥರಿನ್. ಒಂದೇ ಪ್ಯಾರಿಷ್‌ನಲ್ಲಿ ಒಂದೇ ಪ್ರಾಯದ ಮೂವರು ಜಾನ್‌ಗಳು ಸಿಕ್ಕರೆ ಆಶ್ಚರ್ಯವಿಲ್ಲ. ಇಲ್ಲಿ ಮ್ಯಾಂಕ್ಸ್ ದಾಖಲೆಗಳದೇ ಒಂದು ಒಳ್ಳೆಯ ಗುಣ ಕೈಹಿಡಿಯುತ್ತದೆ. ಮದುವೆಯಾದ ಹೆಂಗಸಿನ ತವರಿನ ಹೆಸರನ್ನು ಅಲ್ಲಿ ಅಳಿಸುತ್ತಿರಲಿಲ್ಲ. ಅಂತ್ಯಕ್ರಿಯೆಯ ಪುಸ್ತಕದಲ್ಲಿ, ಸಮಾಧಿಕಲ್ಲಿನ ಮೇಲೆ ‘ಆನ್ ಕಬ್ಬನ್ ಅಲಿಯಾಸ್ ಕೆಲ್ಲಿ’ ಎಂಬ ಬಗೆಯ ಬರಹ ಮಾಮೂಲು. ಅಲಿಯಾಸ್ ಎಂದ ಕೂಡಲೇ ನಮಗೆ ಪೊಲೀಸ್ ಠಾಣೆ ನೆನಪಾಗುತ್ತದೆ. ಅಲ್ಲಿ ಅದರರ್ಥ ‘ತವರಿನಲ್ಲಿ ಕೆಲ್ಲಿ’ ಎಂದಷ್ಟೆ. ಮೂವರು ಜಾನ್‌ಗಳ ಹೆಂಡತಿಯರ ತವರು ಗೊತ್ತಾದರೆ ಮೂರು ಸಂಸಾರ ಬೇರೆಯಾದಂತೆಯೇ.

ಇನ್ನೊಂದು ಊರುಗೋಲು ಹೊಲದ ಹೆಸರು. ದ್ವೀಪದ ಸಾಗುವಳಿ ಭೂಮಿ ಕ್ವಾರ್ಟರ್‌ಲ್ಯಾಂಡ್ ಎಂಬ ಹಳೆಯ ಹಿಡುವಳಿಗಳಾಗಿ ಹಂಚಿತ್ತು. ಎಷ್ಟೋ ಹಿಡುವಳಿಗಳ ಹೆಸರು ‘ಬಲ್ಲ’ದಿಂದ ಶುರು, ಅಂದರೆ ಮನೆ-ಹೊಲ. ಅದರ ಬೆನ್ನಿಗೆ ಮನೆತನದ ಹೆಸರು: ಬಲ್ಲಕ್ವೇಲ್, ಬಲ್ಲಕಾರ್ಲೆಟ್, ಬಲ್ಲಕೆಲ್ಲಿ. ಆ ಮನೆತನ ಊರು ಬಿಟ್ಟು ಎರಡು ಶತಮಾನ ಕಳೆದಿದ್ದರೂ ಹೊಲ ಅದೇ ಹೆಸರಲ್ಲಿರುತ್ತದೆ. ಗೇಣಿ ಪಟ್ಟಿಯಲ್ಲಿ ಹೊಲ ಅಪ್ಪನಿಂದ ಮಗನಿಗೆ, ಅಥವಾ ಮಗಳ ಮೂಲಕ ಅಳಿಯನಿಗೆ ದಾಟಿದ್ದು ಕಾಣುತ್ತದೆ. ಉಯಿಲುಗಳನ್ನು ಚರ್ಚಿನ ನ್ಯಾಯಾಲಯದಲ್ಲಿ ಸಾಬೀತುಪಡಿಸುತ್ತಿದ್ದುದರಿಂದ ಬಡ ರೈತರವೂ ಸಾಕಷ್ಟು ಉಳಿದಿವೆ. ಪ್ಯಾರಿಷ್ ಪುಸ್ತಕ ಶುರುವಾಗದ ಕಾಲದ ಕೊಂಡಿ ಸಿಗುವುದು ಹೆಚ್ಚಾಗಿ ಅಲ್ಲಿಯೇ. ಇವುಗಳ ಮೂಲಪ್ರತಿ, ನಕಲು ಡಗ್ಲಸ್‌ನ ಮ್ಯಾಂಕ್ಸ್ ಮ್ಯೂಸಿಯಮ್‌ನಲ್ಲಿವೆ, ಬಹಳಷ್ಟರ ಸೂಚಿ ಅವರ ಜಾಲತಾಣದಲ್ಲಿದೆ.

ದ್ವೀಪದ ಹೆಸರುಗಳು ಹೊರಗೆ ಹರಡಿದ ಕಥೆಯಲ್ಲಿ 1765 ಮುಖ್ಯ ವರ್ಷ. ಕಳ್ಳಸಾಗಣೆಗೆ ಹೆಸರಾಗಿದ್ದ ದ್ವೀಪದ ಆದಾಯದ ಹಕ್ಕನ್ನು ಆ ವರ್ಷ ಬ್ರಿಟಿಷ್ ಸರ್ಕಾರ, ಸ್ಟಾನ್ಲಿಗಳ ನಂತರ ಒಡೆತನ ಪಡೆದಿದ್ದ ಅಥಾಲ್ ಮನೆತನದಿಂದ 70,000 ಪೌಂಡಿಗೆ ಕೊಂಡಿತು. ಕಳ್ಳವ್ಯಾಪಾರ ನೆಲಕಚ್ಚಿತು, ಅದನ್ನು ನೆಚ್ಚಿದ್ದವರು ಗಂಟುಮೂಟೆ ಕಟ್ಟಿದರು. ಹತ್ತಿರದ ದೊಡ್ಡ ಬಂದರು ಲಿವರ್‌ಪೂಲ್ ಮ್ಯಾಂಕ್ಸ್ ಹೆಸರುಗಳ ಎರಡನೆಯ ತವರಾಯಿತು. 1889ರಲ್ಲಿ ಅಲ್ಲಿ ಮಸೀದಿ ಸ್ಥಾಪಿಸಿದ ವಕೀಲ ಅಬ್ದುಲ್ಲಾ ಕ್ವಿಲಿಯಮ್ ಮ್ಯಾಂಕ್ಸ್ ಮೂಲದವನು. ಕಾಸ್ಟೇನ್ ಕಟ್ಟಡ ಕಂಪನಿ 1865ರಲ್ಲಿ ಶುರುವಾದದ್ದೂ ದ್ವೀಪದಿಂದ ಬಂದವನ ಕೈಯಿಂದ. 1820ರ ದಶಕದ ಕೊನೆಯಲ್ಲಿ ರೈತ ಕುಟುಂಬಗಳು ಅಮೆರಿಕದ ಒಹಾಯೋದ ಕ್ಲೀವ್‌ಲ್ಯಾಂಡ್ ಸುತ್ತ ನೆಲೆಸಿದವು. ಲ್ಯಾಕ್ಸಿ, ಫಾಕ್ಸ್‌ಡೇಲ್ ಗಣಿಗಳ ಕೆಲಸಗಾರರು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಗಣಿಗಳಿಗೆ ಹೋದರು.

ಇವೆಲ್ಲಕ್ಕಿಂತ ವಿಚಿತ್ರ ದಾರಿ ಕ್ರಿಶ್ಚಿಯನ್ ಮನೆತನದ್ದು. 15ನೇ ಶತಮಾನದಲ್ಲಿ ಮ್ಯಾಕ್‌ಕ್ರಿಸ್ಟೆನ್ ಆಗಿ ದಾಖಲೆಗೆ ಬಂದ, ದ್ವೀಪದ ನ್ಯಾಯಾಧೀಶರನ್ನು ಕೊಟ್ಟ ಮನೆತನ ಅದು. ಅದರ ಕಂಬರ್ಲೆಂಡ್ ಶಾಖೆಯ ಫ್ಲೆಚರ್ ಕ್ರಿಶ್ಚಿಯನ್ 1789ರಲ್ಲಿ ಬೌಂಟಿ ಹಡಗಿನ ದಂಗೆಯ ಮುಂದಾಳು. 1790ರಲ್ಲಿ ದಂಗೆಕೋರರು ಶಾಂತಸಾಗರದ ಪಿಟ್‌ಕೇರ್ನ್ ದ್ವೀಪದಲ್ಲಿ ಅಡಗಿ ಕೂತರು. ಫ್ಲೆಚರ್‌ನ ಮೊದಲ ಮಗನ ಹೆಸರು ಥರ್ಸ್‌ಡೇ ಅಕ್ಟೋಬರ್ ಕ್ರಿಶ್ಚಿಯನ್. ಅಲ್ಲಿ ಜನಸಂಖ್ಯೆ ಹೆಚ್ಚಿ, 1856ರಲ್ಲಿ ಎಲ್ಲರನ್ನೂ ನಾರ್ಫೋಕ್ ದ್ವೀಪಕ್ಕೆ ಸಾಗಿಸಿದಾಗ ಹೆಸರೂ ಜೊತೆಗೆ ಹೋಯಿತು. ಅಲ್ಲಿ ಬೆರಳೆಣಿಕೆಯ ಮನೆತನದ ಹೆಸರುಗಳನ್ನೇ ಊರೆಲ್ಲ ಹಂಚಿಕೊಂಡಿರುವುದರಿಂದ ಟೆಲಿಫೋನ್ ಡೈರೆಕ್ಟರಿಯಲ್ಲಿ ಜನರನ್ನು ಅಡ್ಡಹೆಸರಿನಿಂದಲೂ ಅಚ್ಚು ಹಾಕುತ್ತಾರೆ. ಗುರುತಿಸಲೆಂದು ಹುಟ್ಟಿದ ಮನೆತನದ ಹೆಸರು ಯಾರನ್ನೂ ಗುರುತಿಸದ ಸ್ಥಿತಿಗೆ ಬಂದು, ಜನ ಮತ್ತೆ ಮೊದಲಿನಿಂದ ಶುರುಮಾಡಿದ್ದಾರೆ.

ಕಬ್ಬನ್ ಕರ್ನಾಟಕಕ್ಕೆ ಬಂದ ದಾರಿ ಇದ್ಯಾವುದರ ಹಾಗೂ ಇಲ್ಲ. ಮಾರ್ಕ್ 1800ರಲ್ಲಿ ಕಂಪನಿಯ ಮದ್ರಾಸ್ ಸೇನೆಗೆ ಸೇರಿದ, ಮದುವೆಯಾಗಲಿಲ್ಲ, 1861ರಲ್ಲಿ ಊರಿಗೆ ಹೊರಟವನು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಇಲ್ಲಿ ಅವನ ಹೆಸರು ಹಬ್ಬಿದ್ದು ಬೋರ್ಡುಗಳ ಮೇಲೆ.

ಇನ್ನು ನಂಬಬಾರದ ಎರಡು ಸಂಗತಿ. ‘ನಿಮ್ಮ ಮನೆತನದ ಲಾಂಛನ’ ಎಂದು ಕಪ್ಪು, ಟೀ ಶರ್ಟುಗಳ ಮೇಲೆ ಮಾರುವ ಗುರಾಣಿ ಚಿತ್ರಗಳಿಗೆ ಬೆಲೆಯಿಲ್ಲ. ಇಂಗ್ಲಿಷ್ ಪದ್ಧತಿಯಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ, ಅವನ ವಾರಸುದಾರರಿಗೆ. ಅದೇ ಸರ್‌ನೇಮ್ ಇದ್ದವರಿಗೆಲ್ಲ ಅಲ್ಲ. ಎರಡನೆಯದು, ಅಮೆರಿಕಕ್ಕೆ ಬಂದಿಳಿದವರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಠಾಣೆಯ ಅಧಿಕಾರಿಗಳು ವಲಸಿಗರ ಹೆಸರು ಬದಲಿಸಿದರು ಎಂಬ ಮಾತು. ಅವರ ಕೈಯಲ್ಲಿದ್ದದ್ದು ಹಡಗು ಹೊರಡುವಾಗಲೇ ತಯಾರಾದ ಪಟ್ಟಿ. ಅಲ್ಲದೆ ಆ ಠಾಣೆ ತೆರೆದದ್ದು 1892ರಲ್ಲಿ. ಒಹಾಯೋದ ಮ್ಯಾಂಕ್ಸ್ ಜನ ಅದಕ್ಕಿಂತ ಅರುವತ್ತು ವರ್ಷ ಮೊದಲೇ ಬಂದಿದ್ದರು. ಕಾಗುಣಿತ ಬದಲಾಗಿದ್ದರೆ ಅದು ಇಳಿದ ಮೇಲೆ, ಮೇಷ್ಟರು, ಸಂಬಳದ ಗುಮಾಸ್ತರು, ಕೊನೆಗೆ ಸ್ವತಃ ಆ ಮನೆಯವರ ಕೈಯಲ್ಲಿ.

ಕಾಗದ ಮುಗಿದಲ್ಲಿ ಡಿಎನ್‌ಎ ಬರುತ್ತದೆ. ಸರ್‌ನೇಮ್ ಅಪ್ಪನಿಂದ ಮಗನಿಗೆ ಹೋಗುವ ದಾರಿಯಲ್ಲೇ, ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮೂ ಹೋಗುತ್ತದೆ. 2009ರಲ್ಲಿ ಪ್ರಕಟವಾದ ಲೆಸ್ಟರ್ ವಿಶ್ವವಿದ್ಯಾಲಯದ ಅಧ್ಯಯನ 40 ಬ್ರಿಟಿಷ್ ಸರ್‌ನೇಮ್‌ಗಳ 1,678 ಗಂಡಸರನ್ನು ಪರೀಕ್ಷಿಸಿತು. ಸ್ಮಿತ್‌ನಂಥ ಸಾಮಾನ್ಯ ಹೆಸರಿನವರಲ್ಲಿ ವೈ ಹೋಲಿಕೆ ಯಾರೋ ಇಬ್ಬರಲ್ಲಿ ಇರುವಷ್ಟೇ. ವಿರಳ ಹೆಸರಿನವರಲ್ಲಿ ಬಹುಪಾಲು ಜನ ಒಂದೇ ಪೂರ್ವಜನ ಕಡೆಗೆ ಬೊಟ್ಟುಮಾಡಿದರು. ಕಬ್ಬನ್ ವಿರಳ ಹೆಸರು, ಪರೀಕ್ಷೆಗೆ ಯೋಗ್ಯ. ಕೆಲ್ಲಿ ಹಾಗಲ್ಲ. ಮ್ಯಾನ್‌ನ ಕೆಲ್ಲಿಗೂ ಐರ್ಲೆಂಡಿನ ಕೆಲ್ಲಿಗಳಿಗೂ ಹೆಸರಿನ ಸಾಮ್ಯವಷ್ಟೇ ಇರಬಹುದು, ಐರ್ಲೆಂಡಿನೊಳಗೇ ಆ ಹೆಸರು ಹಲವೆಡೆ ಬೇರೆ ಬೇರೆಯಾಗಿ ಹುಟ್ಟಿದೆ.

ಕಬ್ಬನ್ ವಿಷಯದಲ್ಲಿ ಬಿಡಿಸಬೇಕಾದ ಗಂಟು ಸ್ಕಾಟ್ಲೆಂಡಿನದು. ದ್ವೀಪದ ಉತ್ತರ ತುದಿಯಿಂದ ಗ್ಯಾಲೊವೇ ಕರಾವಳಿಗೆ ಬರೀ 26 ಕಿಲೋಮೀಟರ್, ಬಾನು ತಿಳಿಯಾಗಿದ್ದರೆ ಕಣ್ಣಿಗೆ ಕಾಣುತ್ತದೆ. ಅಲ್ಲಿ ಮ್ಯಾಕ್‌ಕಬ್ಬಿನ್ ಮನೆತನಗಳಿವೆ. ಇವರಿಬ್ಬರೂ ಒಂದೇ ಗಿಬ್ಬನ್ನನ ಮಕ್ಕಳೋ, ಸಮುದ್ರದ ಎರಡು ದಡದ ಇಬ್ಬರು ಗಿಬ್ಬನ್‌ಗಳ ಮಕ್ಕಳೋ ಎಂದು ಕಾಗುಣಿತ ಹೇಳಲಾರದು. ಹೇಳಬೇಕಾದರೆ ಕಾಗದದಲ್ಲಿ ವಂಶ ಸಾಬೀತಾದ ಗಂಡಸರನ್ನು ಎರಡೂ ಕಡೆಯಿಂದ ಆರಿಸಬೇಕು, ಒಂದೊಂದು ಕಡೆ ಕನಿಷ್ಠ ಇಬ್ಬರು, ಅವರೂ ದೂರದ ದಾಯಾದಿಗಳಾಗಿರಬೇಕು. ಒಬ್ಬನನ್ನೇ ಪರೀಕ್ಷಿಸಿದರೆ ನಡುವೆ ಎಲ್ಲೋ ದತ್ತು, ಮರುಮದುವೆ, ಮದುವೆಯಾಚೆಯ ಸಂತಾನ ಇದ್ದದ್ದು ಗೊತ್ತಾಗದೆ ಇಡೀ ಮನೆತನದ ಲೆಕ್ಕ ಕೆಡುತ್ತದೆ. 12 ಮಾರ್ಕರ್‌ಗಳ, ಅಂದರೆ ವೈ ಕ್ರೋಮೋಸೋಮಿನಲ್ಲಿ ಹೋಲಿಸಿ ನೋಡುವ ಜಾಗಗಳ, ಅಗ್ಗದ ಹೋಲಿಕೆಯಿಂದ ಪ್ರಯೋಜನವಿಲ್ಲ, ಪಶ್ಚಿಮ ಯುರೋಪಿನ ಸಾವಿರಾರು ಜನ ಹೊಂದುತ್ತಾರೆ. 37ರಿಂದ ಶುರುಮಾಡಿ, ಹೊಂದಿಕೆ ಕಂಡರೆ 111ಕ್ಕೆ ಏರಿಸಬೇಕು. ಅದಾಗುವವರೆಗೆ ಕಬ್ಬನ್, ಮ್ಯಾಕ್‌ಕಬ್ಬಿನ್ ವಂಶವೃಕ್ಷಗಳನ್ನು ಬೇರೆ ಬೇರೆ ಕಡತದಲ್ಲೇ ಇಡಬೇಕು.